ಮಾತ್ರೆ ಯಾರ ಹೊಟ್ಟೆಯಲ್ಲಿತ್ತು

ಏಳಬೇಕೋ, ಕೂತೇ ಇರಬೇಕೋ? ಎದ್ದರೆ ಏನೆಂದು ಹೇಳುವುದು? ಆ ಮಾತ್ರೆ ನನ್ನ ಹೊಟ್ಟೆಗೆ ಹೋಗಲೇ ಇಲ್ಲ ಎಂದೇ? ಇಪ್ಪತ್ತೊಂದು ಬೆಳಗು, ನುಂಗಿದ್ದೇನೆ ಎಂದು ಸಹಿ ಹಾಕಿದ ಕೈ ಇದೇ. ಆ ಸಹಿಗಳನ್ನೆಲ್ಲ ಅಳಿಸುವಷ್ಟು ಮಾತು ನನ್ನ ಹತ್ತಿರ ಇದೆಯೇ? ಬೇರೆ ಯಾರಾದರೂ ಮೊದಲು ಎದ್ದಾರು. ಏಳಲಿ. ಇನ್ನು ಸ್ವಲ್ಪ ನೋಡೋಣ.

ಯಾರೂ ಏಳಲಿಲ್ಲ. ಸಿಪ್ರಿಯಾನೊ ಚಯಾಪಾ ತನ್ನ ಮುಂದಿದ್ದ ಚಚಕೋಮಾ ಎಂಬ ಬೆಟ್ಟದ ಗಿಡದ ಕಷಾಯದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಕಷಾಯ ಆರಿಹೋಗಿತ್ತು. ಶಿಫ್ಟ್ ಮುಗಿಸಿ ಬಂದ ಇಪ್ಪತ್ತನಾಲ್ಕು ಡಂಪರ್ ಚಾಲಕರು ಕ್ಯಾಂಟೀನಿನ ಉದ್ದ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ಅಡುಗೆಯವರಿಗೆ ಊಟ ತಡೆದಿಡಲು ಹೇಳಲಾಗಿತ್ತು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಅದರ ಪಕ್ಕದಲ್ಲಿ ಗಣಿಯ ಮ್ಯಾನೇಜರ್ ಸಾನ್‌ವೇಸಾ ನಿಂತಿದ್ದ. ಮೂಲೆಯ ಕುರ್ಚಿಯಲ್ಲಿ ಡಾಕ್ಟರಮ್ಮ ಉರ್ರುತಿಯಾ, ತೊಡೆಯ ಮೇಲೆ ಫೈಲು.

"ಹಾಳೇಲಿ ಇರೋದು ನಾನು ಬರೆದಿದ್ದಲ್ಲ, ನಿಮ್ಮ ಬೆರಳು ಬರೆದಿದ್ದು," ಎಂದ ಸಾನ್‌ವೇಸಾ. "ಹನ್ನೆರಡು ಜನಕ್ಕೆ ನಿಜವಾದ ನಿದ್ದೆ ಮಾತ್ರೆ. ಹನ್ನೆರಡು ಜನಕ್ಕೆ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಅಂತ ನಿನ್ನೆವರೆಗೆ ಡಾಕ್ಟರಿಗೂ ಗೊತ್ತಿರಲಿಲ್ಲ. ಈಗ ನೋಡಿ. ಮಾತ್ರೆ ನುಂಗಿದವರೇ ಚುರುಕು, ಹಿಟ್ಟು ನುಂಗಿದವರೇ ನಿಧಾನ. ಅಂದ್ರೆ ಏನರ್ಥ? ಇಲ್ಲೇ ಮಲಗಬಹುದು. ಒಂದು ಮಾತ್ರೆ, ಒಂದು ಒಳ್ಳೆ ನಿದ್ದೆ, ಬೆಳಿಗ್ಗೆ ಕೆಲಸ. ದಿನಾ ಮೂರು ತಾಸು ಬಸ್ಸಲ್ಲಿ ಕುಲುಕಾಡೋ ಕರ್ಮ ಯಾಕೆ? ತಿಂಗಳ ಕೊನೆಗೆ ಕೆಳಗಿನ ಬಿಡಾರ ಮುಚ್ತೀವಿ."

ಕೆಳಗಿನ ಬಿಡಾರ ಇದ್ದದ್ದು ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿ. ಅಲ್ಲಿ ಮರಗಳಿದ್ದವು, ನಾಯಿಗಳಿದ್ದವು, ರಾತ್ರಿ ಉಸಿರು ತಾನಾಗಿ ಒಳಗೆ ಹೋಗಿ ತಾನಾಗಿ ಹೊರಗೆ ಬರುತ್ತಿತ್ತು. ಈ ಮೇಲಿನ ಬಿಡಾರ ನಾಲ್ಕು ಸಾವಿರದ ಮುನ್ನೂರರಲ್ಲಿ. ಇಲ್ಲಿ ಮರವಿರಲಿಲ್ಲ. ಪರೀಕ್ಷೆಗೆಂದು ಮೂರು ಸರದಿ, ಸರದಿಗೆ ಏಳು ರಾತ್ರಿಯಂತೆ, ಎಲ್ಲರನ್ನೂ ಇಲ್ಲೇ ಮಲಗಿಸಿದ್ದರು. ಸಂಜೆ ದವಾಖಾನೆಯಲ್ಲಿ ನಂಬರ್ ಬರೆದ ಸಣ್ಣ ಪೊಟ್ಟಣ ಕೊಡುವುದು, ಮಲಗುವಾಗ ನುಂಗುವುದು, ಬೆಳಿಗ್ಗೆ ಒಂದು ಕಪ್ಪು ಪೆಟ್ಟಿಗೆಯ ಮುಂದೆ ಕೂತು ಕೆಂಪು ದೀಪ ಹೊತ್ತಿದ ತಕ್ಷಣ ಹೆಬ್ಬೆರಳಿನಿಂದ ಗುಂಡಿ ಒತ್ತುವುದು. ದೀಪಕ್ಕೂ ಬೆರಳಿಗೂ ನಡುವಿನ ಹೊತ್ತನ್ನು ಪೆಟ್ಟಿಗೆ ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಅಳೆಯುತ್ತಿತ್ತು. ಮುನ್ನೂರೈವತ್ತು ದಾಟಿದವನು ಆ ದಿನ ಡಂಪರ್ ಹತ್ತುವಂತಿರಲಿಲ್ಲ.

ಸಿಪ್ರಿಯಾನೊ ಮತ್ತೆ ಹಾಳೆ ನೋಡಿದ. ಹದಿನೇಳನೇ ನಂಬರ್: ಮಾತ್ರೆ, ಇನ್ನೂರ ನಲವತ್ತಮೂರು. ಎಲ್ಲರಿಗಿಂತ ಚುರುಕು. ಅದು ಅವನು. ಒಂಬತ್ತನೇ ನಂಬರ್: ಹಿಟ್ಟು, ಮುನ್ನೂರ ಮೂವತ್ತೆಂಟು. ಎಲ್ಲರಿಗಿಂತ ನಿಧಾನ. ಅದು ವಾಲ್ದೊ. ಎದುರಿನ ಬೆಂಚಿನಲ್ಲಿ ಕೂತಿದ್ದ ವಾಲ್ದೊ ಹಾಳೆ ನೋಡುತ್ತಿರಲಿಲ್ಲ. ಅವನು ಸಿಪ್ರಿಯಾನೊನನ್ನೇ ನೋಡುತ್ತಿದ್ದ.

ಹಾಳೆ ತಲೆಕೆಳಗಾಗಿದೆ ಎಂದು ಆ ಕ್ಯಾಂಟೀನಿನಲ್ಲಿ ಗೊತ್ತಿದ್ದದ್ದು ಹೆಚ್ಚೆಂದರೆ ಹದಿನಾರು ಜನಕ್ಕೆ. ಶಿಫ್ಟಿನಲ್ಲಿ ಮೇಲಿನ ಹಳ್ಳಿಗಳವರು ಎಂಟು ಮಂದಿ, ಎಲ್ಲರೂ ಲಾಮಾ ಎಂಬ ಉಣ್ಣೆಪ್ರಾಣಿಗಳನ್ನು ಕಾಯ್ದು ಬೆಳೆದ ಐಮಾರಾ ಜನ. ಅವರಿಗೆ ಇಲ್ಲಿ ಉಸಿರು ಕಟ್ಟುವುದಿಲ್ಲ. ಉಳಿದವರು ಸಮುದ್ರದ ಕಡೆಯವರು. ಮೊದಲ ರಾತ್ರಿಯೇ ಸಿಪ್ರಿಯಾನೊ ಪಕ್ಕದ ಮಂಚದಲ್ಲಿದ್ದ ವಾಲ್ದೊನ ಉಸಿರು ಕೇಳಿಸಿಕೊಂಡಿದ್ದ. ಬರುಬರುತ್ತಾ ಸಣ್ಣದಾಗಿ, ಪೂರ್ತಿ ನಿಂತುಹೋಗುವುದು. ಆ ನಿಲುಗಡೆಯನ್ನು ಸಿಪ್ರಿಯಾನೊ ಕತ್ತಲಲ್ಲಿ ಎಣಿಸುತ್ತಿದ್ದ. ಹತ್ತು, ಹನ್ನೊಂದು, ಹನ್ನೆರಡು. ಆಮೇಲೆ ನೀರಿನಿಂದ ತಲೆ ಎತ್ತಿದವನ ಹಾಗೆ ಒಂದು ದೊಡ್ಡ ಉಸಿರು, ಎಚ್ಚರ, ಬೈಗುಳ.

"ನಮ್ಮಪ್ಪ ಮೂವತ್ತು ವರ್ಷ ಸಮುದ್ರಕ್ಕೆ ಹೋಗಿ ಮುಳುಗಲಿಲ್ಲ, ದೋನ್ ಸಿಪ್ರಿಯಾನೊ," ಎಂದಿದ್ದ ವಾಲ್ದೊ ಆಗ, ಹಿರಿಯರ ಹೆಸರಿಗೆ ಹಚ್ಚುವ 'ದೋನ್' ಹಚ್ಚಿ. "ನಾನು ಬೆಟ್ಟದ ಮೇಲೆ ಮಂಚದಲ್ಲಿ ಮುಳುಗ್ತಾ ಇದೀನಿ. ಊರಲ್ಲಿ ಹೇಳಿದ್ರೆ ಹಲ್ಲು ಉದುರೋ ಹಾಗೆ ನಗ್ತಾರೆ."

"ಮೀನಿಗೆ ಬೆಟ್ಟದಲ್ಲೇನು ಕೆಲಸ? ಮಲಕ್ಕೋ."

"ಮಲಗೋಕೆ ನಾನೇನು ಲಾಮಾನಾ, ನಿಮ್ಮ ಹಾಗೆ?"

ಮೊದಲ ರಾತ್ರಿಯ ಪೊಟ್ಟಣ ಸಿಪ್ರಿಯಾನೊನ ಜೇಬಿನಲ್ಲೇ ಉಳಿದಿತ್ತು. ಎರಡನೇ ಸಂಜೆಯಿಂದ ಅವನು ತನ್ನ ಪೊಟ್ಟಣವನ್ನು ವಾಲ್ದೊನ ದಿಂಬಿನ ಮೇಲಿಡತೊಡಗಿದ. ಅದರಲ್ಲಿ ಮೋಸವಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಅವನ ಹಳ್ಳಿಯಲ್ಲಿ ಒಬ್ಬನ ಮನೆಗೆ ಹುಲ್ಲು ಹೊದಿಸಲು ಹೋದವನ ಹೊಲಕ್ಕೆ ಆ ಮನೆಯವನು ಆಲೂಗಡ್ಡೆ ನೆಡಲು ಬರುತ್ತಾನೆ. ಅದಕ್ಕೆ ಐನಿ ಎನ್ನುತ್ತಾರೆ. ತನಗೆ ಬೇಡದ್ದು ಬೇಕಾದವನಿಗೆ ಹೋಗದೆ ಕೊಳೆತರೆ ನೆಲ ಮುನಿಯುತ್ತದೆ. ಡಾಕ್ಟರಮ್ಮ ಕೊಟ್ಟದ್ದು ನಿದ್ದೆಗೆ. ನಿದ್ದೆಯಿರುವವನು ನುಂಗಿದರೆ ಅದು ದಂಡ. ಮೇಲಿನ ಹಳ್ಳಿಯ ಎಂಟು ಮಂದಿಯೂ ಒಬ್ಬರನ್ನೊಬ್ಬರು ಕೇಳದೆ ಇದನ್ನೇ ಮಾಡಿದ್ದರು. ಬದಲಿಗೆ ವಾಲ್ದೊ ಪ್ರತಿ ಬೆಳಿಗ್ಗೆ ಸಿಪ್ರಿಯಾನೊನ ಡಂಪರಿನ ಟೈರು ನೋಡಿ, ಗಾಜು ಒರೆಸಿ, ಹಿಮಗಟ್ಟಿದ ಏಣಿಯ ಮೆಟ್ಟಿಲಿಗೆ ಬಿಸಿನೀರು ಹೊಯ್ದು ಇಡುತ್ತಿದ್ದ. ಲೆಕ್ಕ ಸರಿಯಾಗಿತ್ತು. ವಾಲ್ದೊ ತನ್ನ ಮಾತ್ರೆಯನ್ನೂ ನುಂಗುತ್ತಿದ್ದ, ಇವನದ್ದನ್ನೂ ನುಂಗುತ್ತಿದ್ದ. ಎರಡೂ ನಿಜವೋ, ಎರಡೂ ಹಿಟ್ಟೋ ಯಾರಿಗೆ ಗೊತ್ತಿತ್ತು?

ವಾಲ್ದೊನಿಗೆ ನಿದ್ದೆ ಬಂತು. ಬೆಳಗು ಮಾತ್ರ ಬರಲಿಲ್ಲ. ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚಿಕೊಂಡು ತಿಂದವನು ಹತ್ತು ನಿಮಿಷ ಬಿಟ್ಟು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದ. "ಆಗಲೇ ತಿಂದ್ಯಲ್ಲೋ, ಹೊಟ್ಟೇಲಿ ತಿಮಿಂಗಿಲ ಇಟ್ಕೊಂಡಿದ್ಯಾ?" ಎಂದು ಅಡುಗೆಯವಳು ಗದರಿದರೆ ಅವನ ಮುಖದಲ್ಲಿ ನಗು ಹುಟ್ಟಲು ತಡವಾಗುತ್ತಿತ್ತು. ಹೆಂಡತಿಗೆ ರಾತ್ರಿ ಕಳಿಸಿದ ಸಂದೇಶಗಳನ್ನು ಬೆಳಿಗ್ಗೆ ತಾನೇ ಓದಿ, ಇದನ್ನು ಬರೆದವನು ಯಾರು ಎಂದು ಸಿಪ್ರಿಯಾನೊನನ್ನು ಕೇಳುತ್ತಿದ್ದ. ಕೊನೆಯ ಸರದಿಯ ಐದನೇ ದಿನ, ಗಣಿಯ ಗುಂಡಿಗೆ ಇಳಿಯುವ ದಾರಿಯಲ್ಲಿ, ಅವನ ಖಾಲಿ ಡಂಪರ್ ಮೆಲ್ಲಗೆ ಎಡಕ್ಕೆ ವಾಲಿ ಅಂಚಿನ ಮಣ್ಣಿನ ಒಡ್ಡು ಏರಿತು. ಹಿಂದೆ ಬರುತ್ತಿದ್ದ ಸಿಪ್ರಿಯಾನೊ ವೈರ್‌ಲೆಸ್ಸಿನಲ್ಲಿ ಕಿರುಚಿದ: "ವಾಲ್ದೊ! ಕಾಲು! ಬ್ರೇಕಿಗೆ ಕಾಲು ಹಾಕೋ!" ಎರಡಾಳು ಎತ್ತರದ ಎಡ ಟೈರು ಒಡ್ಡಿನ ನೆತ್ತಿಯಲ್ಲಿ ನಿಂತಿತು. ಒಡ್ಡಿನ ಆಚೆ ನೂರೆಂಬತ್ತು ಮೀಟರ್ ಗಾಳಿ. ವೈರ್‌ಲೆಸ್ಸಿನಲ್ಲಿ ಆಮೇಲೆ ಬಂತು ವಾಲ್ದೊನ ದನಿ: "ನಾನು ಎಲ್ಲಿದೀನಿ, ದೋನ್ ಸಿಪ್ರಿಯಾನೊ?"

ಅದನ್ನು ಯಾರೂ ವರದಿ ಮಾಡಲಿಲ್ಲ. ವಾಲ್ದೊನ ಹೆಸರಿನಲ್ಲಿ ಆಗಲೇ ಎರಡು ಎಚ್ಚರಿಕೆ ಪತ್ರಗಳಿದ್ದವು. ಮೂರನೆಯದು ಬಂದರೆ ಮನೆಗೆ ಕಳಿಸುತ್ತಾರೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಆ ದಿನದಿಂದ ಸಿಪ್ರಿಯಾನೊ ಪೊಟ್ಟಣವನ್ನು ಕಕ್ಕಸಿಗೆ ಸುರಿದು ನೀರು ಬಿಡುತ್ತಿದ್ದ.

ಈಗ ಹಾಳೆ ಹೇಳುತ್ತಿತ್ತು: ವಾಲ್ದೊನ ಪೊಟ್ಟಣದಲ್ಲಿ ಇದ್ದದ್ದು ಹಿಟ್ಟು. ಅಂದರೆ ಅವನ ಹೊಟ್ಟೆಗೆ ಹೋದ ನಿಜವಾದ ಮಾತ್ರೆ ಒಂದೇ, ಸಿಪ್ರಿಯಾನೊನದ್ದು. ಒಂದೇ ಮಾತ್ರೆ ಮನುಷ್ಯನನ್ನು ಒಡ್ಡಿನ ನೆತ್ತಿಗೆ ಏರಿಸಿತ್ತು. ಆ ನಿಧಾನವನ್ನು ಹಾಳೆ ಹಿಟ್ಟಿನ ಸಾಲಿಗೆ ಬರೆದುಕೊಂಡಿತ್ತು. ಮಾತ್ರೆ ಮುಟ್ಟದವನ ಚುರುಕನ್ನು ಮಾತ್ರೆಯ ಸಾಲಿಗೆ ಬರೆದುಕೊಂಡಿತ್ತು. ಮೇಲಿನ ಹಳ್ಳಿಯ ಎಂಟರಲ್ಲಿ ಹೆಚ್ಚಿನವರು ಬಿದ್ದದ್ದು ಆ ಸಾಲಿನಲ್ಲೇ.

ಅವನು ಎದ್ದ.

"ಏನು ದೋನ್ ಸಿಪ್ರಿಯಾನೊ?" ಸಾನ್‌ವೇಸಾ ನಕ್ಕ. "ಮೊದಲನೇ ಸ್ಥಾನಕ್ಕೆ ಬಹುಮಾನ ಬೇಕಾ? ಕೊಡೋಣ, ಊಟ ಆಗಲಿ."

"ಬಹುಮಾನ ಬೇಡ. ನಾನು ಮಾತ್ರೆ ನುಂಗಿಲ್ಲ."

"ಯಾವತ್ತು?"

"ಯಾವತ್ತೂ."

ಅಡುಗೆಮನೆಯಲ್ಲಿ ಯಾರೋ ತಟ್ಟೆ ಜೋಡಿಸುತ್ತಿದ್ದವರು ನಿಲ್ಲಿಸಿದರು. ಡಾಕ್ಟರಮ್ಮ ಫೈಲಿನ ಮೇಲೆ ಪೆನ್ನು ಇಟ್ಟಳು.

"ಮತ್ತೆ ಅದು ಎಲ್ಲಿಗೆ ಹೋಯ್ತು, ದೋನ್ ಸಿಪ್ರಿಯಾನೊ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಬೇಕಾದವರ ಹೊಟ್ಟೆಗೆ, ಡಾಕ್ಟರಮ್ಮ. ನನಗೆ ನಿದ್ದೆ ಬರುತ್ತೆ. ಬರದೇ ಇರೋವ್ರಿಗೆ ಕೊಟ್ಟೆ."

"ಯಾರಿಗೆ?" ಎಂದ ಸಾನ್‌ವೇಸಾ.

"ನಿದ್ದೆ ಬರದೇ ಇರೋವ್ರಿಗೆ."

"ಹೆಸರು ಕೇಳ್ತಾ ಇದೀನಿ."

"ಕೇಳಿ."

ಹಿಂದಿನ ಬೆಂಚಿನಿಂದ ಒಂದು ನಗು ತಪ್ಪಿಸಿಕೊಂಡು ಬಂತು. ಸಿಪ್ರಿಯಾನೊ ತನ್ನ ಕಡೆಯ ಏಳು ಮಂದಿಯತ್ತ ತಿರುಗಲಿಲ್ಲ. ಅವರು ತಲೆ ಬಗ್ಗಿಸಿ ಕೂತಿರುತ್ತಾರೆಂದು ಅವನಿಗೆ ನೋಡದೆಯೇ ಗೊತ್ತಿತ್ತು. ಅವರ ಮೇಲೆ ಅವನಿಗೆ ಕೋಪ ಬರಲಿಲ್ಲ. ಒಂದು ನಿಮಿಷದ ಹಿಂದೆ ಅವನೂ ಹಾಗೇ ಕೂತಿದ್ದ.

ಡಾಕ್ಟರಮ್ಮ ಎದ್ದು ನಿಂತಳು. "ಸೆನ್ಯೋರ್ ಸಾನ್‌ವೇಸಾ, ಒಬ್ರು ಹೀಗೆ ಮಾಡಿದ್ರೆ ಇನ್ನೂ ಎಷ್ಟು ಜನ ಮಾಡಿರಬಹುದು? ಮೊದಲಿಂದ ಮಾಡಬೇಕು ಇದನ್ನ."

"ಒಬ್ಬನದು ತೆಗೆದುಹಾಕಿ. ಇಪ್ಪತ್ತಮೂರು ಉಳೀತು. ಶುಕ್ರವಾರ ವರದಿ ಹೋಗಬೇಕು." ಅವನು ಸಿಪ್ರಿಯಾನೊನ ಕಡೆ ತಿರುಗಿದ. "ನಿಮಗೇನ್ರಿ ತೊಂದರೆ? ನೀವು ಹುಟ್ಟಿದ್ದೇ ಇದಕ್ಕಿಂತ ಮೇಲೆ. ಕೆಳಗಿನ ಬಿಡಾರ ಇದ್ರೆಷ್ಟು ಹೋದ್ರೆಷ್ಟು ನಿಮಗೆ?"

"ಆ ಮಾತ್ರೆ ನುಂಗಿದ ಕೈಗೆ ಬೆಳಿಗ್ಗೆ ಡಂಪರ್ ಕೊಡಬಾರದು. ನಾನು ನೋಡಿದೀನಿ."

"ಏನು ನೋಡಿದೀರಿ? ಎಲ್ಲಿ? ಯಾರನ್ನ?"

ಅವನು ಕಷಾಯದ ಲೋಟವನ್ನು ಪಕ್ಕಕ್ಕೆ ಸರಿಸಿದ. ವಾಲ್ದೊ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದ.

"ಹೀಗೆ ಮಾಡಿ," ಎಂದ ಸಿಪ್ರಿಯಾನೊ ಕೊನೆಗೆ. "ಇವತ್ತು ರಾತ್ರಿ ನಾನು ನುಂಗ್ತೀನಿ. ಡಾಕ್ಟರಮ್ಮನ ಕಣ್ಣೆದುರಿಗೆ, ಬಾಯಿ ತೆಗೆದು ತೋರಿಸ್ತೀನಿ. ಬೆಳಿಗ್ಗೆ ಪೆಟ್ಟಿಗೆ ಮುಂದೆ ಕೂರಿಸಿ. ನಿಮ್ಮ ಮೊದಲನೇ ಸ್ಥಾನದ ಬೆರಳೇ ಇದು. ಇದು ನಿಧಾನ ಆದ್ರೆ ಆ ಹಾಳೆ ಹರೀರಿ."

"ಆಗಲಿಲ್ಲ ಅಂದ್ರೆ?"

"ಆಗಲಿಲ್ಲ ಅಂದ್ರೆ ನೀವು ಹೇಳಿದ್ದೇ ಸರಿ. ಕೆಳಗಿನ ಬಿಡಾರ ಮುಚ್ಚೋ ಕಾಗದಕ್ಕೆ ಮೊದಲ ಸಹಿ ನಂದು."

"ಒಬ್ಬರ ಒಂದು ಬೆಳಗಿಂದ ಏನೂ ಗೊತ್ತಾಗಲ್ಲ," ಎಂದಳು ಡಾಕ್ಟರಮ್ಮ. ಯಾರೂ ಕೇಳಲಿಲ್ಲ. ಆಗಲೇ ಚಮಚಗಳು ಮೇಜು ಬಡಿಯತೊಡಗಿದ್ದವು.

ಸಾನ್‌ವೇಸಾ ಕೈ ಎತ್ತಿದ. ಇಪ್ಪತ್ತನಾಲ್ಕು ಜನರೆದುರು ಹಿಂದೆ ಸರಿಯುವ ಮನುಷ್ಯನಲ್ಲ ಅವನು. "ಆಯ್ತು. ನನ್ನ ಮಾತೂ ಕೇಳಿ. ಬೆರಳು ಚುರುಕಾಗಿದ್ರೆ ಈ ಸುಳ್ಳು ಸಹಿಗಳನ್ನೆಲ್ಲ ನಾನು ಮರೀತೀನಿ, ಡಂಪರ್ ನಿಮ್ಮದೇ. ಮುನ್ನೂರೈವತ್ತು ದಾಟಿದ್ರೆ ಹಾಳೆ ಹರೀತೀನಿ, ಕೆಳಗಿನ ಬಿಡಾರ ಇರುತ್ತೆ. ಆದ್ರೆ ನೀವು ಇನ್ಯಾವತ್ತೂ ಡಂಪರ್ ಹತ್ತಲ್ಲ. ಗೇಟಲ್ಲಿ ಕೂತು ಕಂಬ ಎತ್ತೋದು, ಇಳಿಸೋದು. ಒಪ್ಪಿಗೆನಾ?"

"ಬರೀರಿ," ಎಂದ ಸಿಪ್ರಿಯಾನೊ. ಡಾಕ್ಟರಮ್ಮ ಬರೆದಳು. ಇಬ್ಬರೂ ಸಹಿ ಹಾಕಿದರು.

ಊಟವಾದ ಮೇಲೆ ವಾಲ್ದೊ ಅವನನ್ನು ಕ್ಯಾಂಟೀನಿನ ಹಿಂಬದಿಯಲ್ಲಿ, ಗ್ಯಾಸ್ ಸಿಲಿಂಡರುಗಳ ಹತ್ತಿರ ಹಿಡಿದ. ಗಾಳಿ ಕೊರೆಯುತ್ತಿತ್ತು.

"ನಿಮಗೆ ತಲೆ ಕೆಟ್ಟಿದ್ಯಾ? ಹತ್ತೊಂಬತ್ತು ವರ್ಷದ ಡಂಪರ್ ಅದು! ಕಂಬ ಎತ್ತೋಕೆ ಹೋಗ್ತೀರಾ, ಕಾಲಿಲ್ಲದ ಮುದುಕನ ಹಾಗೆ?"

"ಇನ್ನೂ ಹೋಗಿಲ್ಲ."

"ಹೋಗೇ ಹೋಗ್ತೀರಿ. ಆ ಮಾತ್ರೆ ನನಗೆ ಏನು ಮಾಡ್ತು ಗೊತ್ತಲ್ಲ." ವಾಲ್ದೊ ಮೂಗು ಒರೆಸಿಕೊಂಡ. "ನಾನೇ ಹೇಳ್ತೀನಿ ಅವನಿಗೆ. ಈಗಲೇ. ಒಡ್ಡಿನ ಮೇಲೆ ಹತ್ತಿದ್ದು ನಾನು, ಮಾತ್ರೆ ನನ್ನ ಹೊಟ್ಟೇಲಿತ್ತು ಅಂತ."

"ಹೇಳಿ ಆಮೇಲೆ ಏನ್ಮಾಡ್ತೀಯ? ಅಪ್ಪನ ದೋಣಿ ಇದ್ಯಾ?"

"ಮಾರಿದ್ವಿ."

"ಮತ್ತೆ ಬಾಯಿ ಮುಚ್ಕೊಂಡು ಮಲಕ್ಕೋ. ಗೇಟಲ್ಲಿ ಕೂತವನಿಗೂ ಸಂಬಳ ಕೊಡ್ತಾರೆ, ಕಡಿಮೆ ಕೊಡ್ತಾರೆ ಅಷ್ಟೇ. ನಮ್ಮ ಮನೆಯವಳು ಬಾಸಿಲಿಯಾ ಬೈತಾಳೆ. ಬೈಸ್ಕೊಂಡು ಅಭ್ಯಾಸ ಇದೆ."

"ನಿಮಗೆ ಭಯ ಆಗಲ್ವಾ?"

ಸಿಪ್ರಿಯಾನೊ ಕೋಟಿನ ಕಾಲರ್ ಎತ್ತಿಕೊಂಡ. ಭಯವಿತ್ತು. ಆದರೆ ಅದು ಸೋಲುವ ಭಯವಲ್ಲ. ಬೆಳಿಗ್ಗೆ ತಾನು ವಾಲ್ದೊನ ಹಾಗೆ ಎಲ್ಲಿದ್ದೇನೆಂದು ಕೇಳುವವನಾಗಿ ಏಳುತ್ತೇನೆ ಎಂದು ಅವನು ನಂಬಿದ್ದ. ಆ ಮಂಕು ಮುಖವನ್ನು ಇಷ್ಟು ಜನ ನೋಡುತ್ತಾರಲ್ಲ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು.

ಒಂಬತ್ತು ಗಂಟೆಗೆ ಡಾಕ್ಟರಮ್ಮನ ಎದುರು ನಿಂತು ಬಿಳಿ ಮಾತ್ರೆ ನುಂಗಿ, ನೀರು ಕುಡಿದು, ನಾಲಿಗೆ ಎತ್ತಿ ತೋರಿಸಿದ. ಅವಳು ಟಾರ್ಚ್ ಹಾಕಿ ನೋಡಿದಳು. "ನಿಮಗೆ ನನ್ನ ಮೇಲೆ ಸಿಟ್ಟಾ?" ಎಂದು ಕೇಳಿದಳು. "ಇಲ್ಲ ಡಾಕ್ಟರಮ್ಮ. ನೀವು ನಮ್ಮನ್ನ ಒಬ್ಬೊಬ್ಬರೇ ಅಂತ ಲೆಕ್ಕ ಹಾಕಿದ್ರಿ. ನಾವು ಹಾಗೆ ಇರಲ್ಲ," ಎಂದ. ಅವಳು ಟಾರ್ಚ್ ಆರಿಸಿದಳು.

ದವಾಖಾನೆಯ ಮಂಚದಲ್ಲೇ ಮಲಗಿಸಿದರು. ನಿದ್ದೆ ಬಂದದ್ದು ಗೊತ್ತಾಗಲಿಲ್ಲ.

ಎದ್ದಾಗ ಐದೂಕಾಲು. ಅವನು ಅಲುಗದೆ ಮಲಗಿ ಮಂಕಿಗಾಗಿ ಕಾದ. ಕಿಟಕಿಯ ಸರಳುಗಳನ್ನು ಎಣಿಸಿದ, ಏಳು. ನಿನ್ನೆ ಊಟಕ್ಕೇನಿತ್ತು? ಕುಂಬಳಕಾಯಿ ಹಾಕಿದ ಕೋಳಿ ಸಾರು. ತನ್ನ ಡಂಪರಿನ ನಂಬರ್? ನಲವತ್ತೊಂದು. ಬಾಸಿಲಿಯಾಳ ತಂಗಿಯ ಮಗಳ ಹೆಸರು? ಅದೂ ನೆನಪಿತ್ತು. ಕಾಲು ನೆಲಕ್ಕಿಟ್ಟ, ನೆಲ ಗಟ್ಟಿಯಾಗಿತ್ತು. ತಲೆ ಆಗತಾನೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮಂಕು ಎಲ್ಲೂ ಇರಲಿಲ್ಲ. ಸುಮಾರು ವರ್ಷಗಳಿಂದ ಹೀಗೆ ಎದ್ದ ನೆನಪು ಅವನಿಗಿರಲಿಲ್ಲ. ಬೆರಳು ನಿಧಾನವಾಗದೇ ಹೋದರೆ ಎಂಬ ಹೆದರಿಕೆ ಹುಟ್ಟಿದ್ದು ಆಗಲೇ.

ಪೆಟ್ಟಿಗೆಯ ಕೋಣೆಯ ಕಿಟಕಿಗೆ ಆಗಲೇ ಮುಖಗಳು ಅಂಟಿಕೊಂಡಿದ್ದವು. ವಾಲ್ದೊ ಮುಂದೆ ನಿಂತಿದ್ದ. ಅವನ ಉಸಿರು ಗಾಜಿನ ಮೇಲೆ ಮಂಜಾಗುತ್ತಿತ್ತು. ಸಾನ್‌ವೇಸಾ ಒಳಗೆ ಕಾಫಿ ಕುಡಿಯುತ್ತಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ. ಡಾಕ್ಟರಮ್ಮ ವೈರು ಸಿಕ್ಕಿಸುತ್ತಿದ್ದಳು.

"ಮೊದಲು ಹತ್ತು ದೀಪ ಅಭ್ಯಾಸಕ್ಕೆ," ಎಂದಳು, ಎಂದಿನಂತೆ. "ಅದು ದಾಖಲಾಗಲ್ಲ. ಆಮೇಲೆ ನೂರು."

ಅಭ್ಯಾಸದ ಅಂಕಿ ಪೆಟ್ಟಿಗೆಯ ಒಳಗಿನ ಸಣ್ಣ ಗಾಜಿನಲ್ಲಿ ಕೂತವನಿಗೆ ಮಾತ್ರ ಕಾಣುತ್ತಿತ್ತು. ಕೆಂಪು ಹೊತ್ತಿತು. ಹೆಬ್ಬೆರಳು ತಾನಾಗಿ ಇಳಿಯಿತು. ಇನ್ನೂರ ನಲವತ್ತೈದು. ಮತ್ತೆ ಕೆಂಪು. ಇನ್ನೂರ ಮೂವತ್ತೊಂಬತ್ತು. ಇನ್ನೂರ ನಲವತ್ತು. ಪ್ರತಿ ಸಲವೂ ಬೆರಳು ಅವನನ್ನು ಕೇಳದೆ, ಅವನಿಗಿಂತ ಮುಂಚೆ ಅಲ್ಲಿರುತ್ತಿತ್ತು.

ಹತ್ತು ಮುಗಿಯಿತು.

ಹಾಗಾದರೆ ಸಾನ್‌ವೇಸಾ ಹೇಳಿದ್ದು ನಿಜವೇ? ತನ್ನ ಮಟ್ಟಿಗೆ ನಿಜ. ಈ ರಕ್ತದ ಮಟ್ಟಿಗೆ, ಈ ಬಿಡಾರಕ್ಕಿಂತಲೂ ಮೇಲೆ ಹುಟ್ಟಿದ ಈ ಎದೆಯ ಮಟ್ಟಿಗೆ. ಇಲ್ಲಿಗೆ ಮಾತ್ರೆ ಬಂದು ಹೋಗಿತ್ತು, ಏನೂ ಮುರಿದಿರಲಿಲ್ಲ. ಈಗ ಇರುವುದನ್ನು ಇದ್ದ ಹಾಗೆ ಒತ್ತಿದರೆ ಡಂಪರ್ ಉಳಿಯುತ್ತದೆ. ತನ್ನ ಬೆರಳಿನ ಸತ್ಯವನ್ನು ಹಿಡಿದುಕೊಂಡು ಅವರು ವಾಲ್ದೊನನ್ನು ಇಲ್ಲೇ ಮಲಗಿಸುತ್ತಾರೆ. ಎಲ್ಲಿದ್ದೇನೆ ಎಂದು ವಾಲ್ದೊ ಇನ್ನೊಮ್ಮೆ ಕೇಳುವ ಹೊತ್ತಿಗೆ ಹಿಂದಿನ ಡಂಪರಿನಲ್ಲಿ ತಾನಿರುತ್ತೇನೆಯೇ? ವಾಲ್ದೊನ ನಿಧಾನ ಈ ಪೆಟ್ಟಿಗೆಯೊಳಗೆ ಮೂರು ವಾರ ಇತ್ತು, ತಪ್ಪು ಸಾಲಿನಲ್ಲಿ. ಅದನ್ನು ಸರಿಯಾದ ಸಾಲಿಗೆ ಎತ್ತಿಡಲು ಈಗ ಉಳಿದಿರುವುದು ಈ ಒಂದು ಹೆಬ್ಬೆರಳು.

"ಸಿದ್ಧನಾ?" ಎಂದಳು ಡಾಕ್ಟರಮ್ಮ.

"ಹೂಂ."

ಕೆಂಪು ಹೊತ್ತಿತು. ಅವನು ಬೆರಳನ್ನು ತಡೆದ.

ಅದು ಸುಲಭವಾಗಿರಲಿಲ್ಲ. ಇಳಿಜಾರಿನಲ್ಲಿ ಮುಂದಿನ ಗಾಡಿಗೂ ತನಗೂ ನಡುವೆ ಬಿಡುವ ಜಾಗವನ್ನು ಅವನು ಹತ್ತೊಂಬತ್ತು ವರ್ಷ ಕಾಲಿನಲ್ಲಿ ಹಿಡಿದಿದ್ದ. ಈಗ ಅದೇ ಜಾಗವನ್ನು ದೀಪಕ್ಕೂ ಬೆರಳಿಗೂ ನಡುವೆ ಬಿಟ್ಟ. ಪ್ರತಿ ಸಲ ಒಂದೇ ಅಳತೆಯಾಗದಂತೆ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಎರಡು ದೀಪಗಳನ್ನು ಪೂರ್ತಿ ಬಿಟ್ಟುಬಿಟ್ಟ. ನಲವತ್ತು ದೀಪದ ಹೊತ್ತಿಗೆ ಕಂಕುಳು ಬೆವೆತಿತ್ತು. ಎಪ್ಪತ್ತರ ಹೊತ್ತಿಗೆ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದಿದ್ದ.

ನೂರು.

ಡಾಕ್ಟರಮ್ಮ ಯಂತ್ರದಿಂದ ಬಂದ ಚೀಟಿ ಹರಿದು ಓದಿದಳು. "ಮುನ್ನೂರ ತೊಂಬತ್ತೊಂದು. ಎರಡು ತಪ್ಪಿಹೋಗಿವೆ."

ಗಾಜಿನಾಚೆ ಕೂಗು ಎದ್ದಿತು. ಸಾನ್‌ವೇಸಾ ಕಾಫಿ ಲೋಟವನ್ನು ನೆಲದ ಮೇಲಿಟ್ಟು ಬಂದು ಚೀಟಿ ಕಸಿದುಕೊಂಡ.

"ಬೇಕಂತ ಮಾಡಿದಾನೆ! ಬೇಕಂತಲೇ ನಿಧಾನ ಒತ್ತಿದಾನೆ, ಲಾಮಾದ ಹಾಗೆ ಮೊಂಡು ಬಿದ್ದು!"

ಸಿಪ್ರಿಯಾನೊ ಕುರ್ಚಿಯಿಂದ ಏಳಲಿಲ್ಲ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟ.

"ಮೂರು ವಾರ ಇದೇ ಬೆರಳು ಒತ್ತಿದ್ದನ್ನ ಗೋಡೆಗೆ ಅಂಟಿಸಿದ್ರಿ. ಆಗ ಬೇಕಂತ ಒತ್ತಿದ್ನಾ ಅಂತ ಕೇಳಲಿಲ್ಲ. ನಿಮಗೆ ಬೇಕಾದ್ದು ಬಂದಾಗ ಪೆಟ್ಟಿಗೆ ನಿಜ ಹೇಳುತ್ತೆ, ಬೇಡದ್ದು ಬಂದಾಗ ಬೆರಳು ಸುಳ್ಳು ಹೇಳುತ್ತೆ. ಹಾಗೇನಾ?"

"ನನಗೆ ಪಾಠ ಹೇಳ್ತೀಯಾ?"

"ಇಲ್ಲ. ಹಾಳೆ ಹರೀರಿ ಅಂತೀನಿ. ನೀವೇ ಸಹಿ ಹಾಕಿದೀರಿ. ನಾನು ಗೇಟಿಗೆ ಹೋಗ್ತೀನಿ. ನಾನು ಹಾಕಿದ ಸಹಿ ನಾನು ಉಳಿಸ್ಕೋತೀನಿ, ನಿಮ್ಮದು ನೀವು ಉಳಿಸ್ಕೊಳ್ಳಿ. ಇಲ್ಲ ಅಂದ್ರೆ ಹೊರಗೆ ನಿಂತಿದಾರಲ್ಲ, ಅವರಿಗೆ ಹೇಳಿ ಬನ್ನಿ."

ಸಾನ್‌ವೇಸಾ ಕಿಟಕಿಯ ಕಡೆ ನೋಡಿದ. ಅಲ್ಲಿ ಮೇಲಿನ ಹಳ್ಳಿಯ ಏಳು ಮಂದಿಯೂ ಇದ್ದರು, ಈಗ ತಲೆ ಎತ್ತಿಕೊಂಡು. ಅವನು ಬಾಗಿಲು ಬಡಿದುಕೊಂಡು ಹೊರಟುಹೋದ. ಅರ್ಧ ತಾಸಿನ ಮೇಲೆ ಕ್ಯಾಂಟೀನಿನ ಗೋಡೆಯಲ್ಲಿ ಅಂಟಿನ ನಾಲ್ಕು ಗುರುತು ಮಾತ್ರ ಉಳಿದಿದ್ದವು.

ಡಾಕ್ಟರಮ್ಮ ವೈರು ಬಿಚ್ಚಿ ಸುತ್ತುತ್ತಿದ್ದಳು. ಬೇಗ ಮುಗಿಯುವ ಕೆಲಸವನ್ನು ನಿಧಾನವಾಗಿ ಮಾಡುತ್ತಿದ್ದಳು.

"ಅಭ್ಯಾಸದ ಹತ್ತು ದೀಪ," ಎಂದಳು, ಅವನ ಮುಖ ನೋಡದೆ. "ಅದರಲ್ಲಿ ಎಷ್ಟು ಬಂತು?"

ಅವನು ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡ. ಹೊರಗೆ ಡಂಪರುಗಳ ಎಂಜಿನ್ನುಗಳು ಒಂದೊಂದಾಗಿ ಶುರುವಾಗುತ್ತಿದ್ದವು. ಕೊನೆಗೆ ಅವಳೇ "ಹೋಗಿ, ತಿಂಡಿ ತಿನ್ನಿ," ಎಂದಳು. ತನ್ನ ವರದಿಯಲ್ಲಿ ಅವಳು ಬರೆದದ್ದು ಇಷ್ಟೇ ಎಂದು ಆಮೇಲೆ ಗೊತ್ತಾಯಿತು: ಯಾವ ಮಾತ್ರೆ ಯಾರ ಹೊಟ್ಟೆಗೆ ಹೋಯಿತೆಂದು ತಿಳಿಯುವಂತಿಲ್ಲ, ಈ ಅಂಕಿಗಳ ಮೇಲೆ ಯಾವ ನಿರ್ಧಾರವನ್ನೂ ಮಾಡಬಾರದು.

ಕೆಳಗಿನ ಬಿಡಾರ ಉಳಿಯಿತು. ನಲವತ್ತೊಂದನೇ ನಂಬರಿನ ಡಂಪರ್ ಇನ್ನೊಬ್ಬನ ಪಾಲಾಯಿತು. ಗೇಟಿನ ಮರದ ಗೂಡಿನಲ್ಲಿ ಒಂದು ಕುರ್ಚಿ, ಒಂದು ಸೀಮೆಎಣ್ಣೆ ಒಲೆ, ಕೆಂಪು ಬಿಳಿ ಪಟ್ಟೆಯ ಕಂಬ. ಬಾಸಿಲಿಯಾ ಎಣಿಸಿದ್ದಕ್ಕಿಂತ ಹೆಚ್ಚೇ ಬೈದಳು. ಆಮೇಲೆ ಅವನ ಕಾಲಿಗೆ ಲಾಮಾ ಉಣ್ಣೆಯ ದಪ್ಪ ಕಾಲುಚೀಲ ಹೆಣೆದು ಕೊಟ್ಟಳು. ಪ್ರತಿ ಬೆಳಿಗ್ಗೆ ಆರಕ್ಕೆ ಕೆಳಗಿನಿಂದ ಬಸ್ಸು ಬರುತ್ತಿತ್ತು. ಅವನು ಎದ್ದು ನೇರವಾಗಿ ನಿಂತು ಕಂಬ ಎತ್ತುತ್ತಿದ್ದ. ಬಸ್ಸಿನಲ್ಲಿ ಸಾನ್‌ವೇಸಾ ಇದ್ದ ದಿನ ಇನ್ನೂ ನೇರವಾಗಿ.

ಒಂದು ಬೆಳಿಗ್ಗೆ ಬಸ್ಸು ನಿಂತಾಗ ವಾಲ್ದೊ ಕೆಳಗಿಳಿದು ಬಂದ. ನಿದ್ದೆ ಮಾಡಿದ ಮುಖ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಒಣಮೀನು.

"ನಮ್ಮೂರಿಂದು, ದೋನ್ ಸಿಪ್ರಿಯಾನೊ. ಲಾಮಾಗಳಿಗೆ ಇದರ ರುಚಿ ಗೊತ್ತಾಗಲ್ಲ, ಆದ್ರೂ ತಿನ್ನಿ."

"ಮೀನೇ ಮೀನು ತಂದುಕೊಡ್ತಾ ಇದೆ. ಕಾಲ ಕೆಟ್ಟೋಯ್ತು."

ವಾಲ್ದೊ ನಗಲಿಲ್ಲ. "ಎಲ್ಲಾ ನನ್ನಿಂದ. ಆ ಮಾತ್ರೆ ನಿಮ್ಮನ್ನೂ ನನ್ನ ಹಾಗೇ ಮಾಡ್ತು, ಅಲ್ವಾ? ಕೈ ಏಳಲೇ ಇಲ್ಲ, ಅಲ್ವಾ?"

"ಬಸ್ಸು ಕಾಯ್ತಾ ಇದೆ, ಹತ್ತು."

ವಾಲ್ದೊ ಹತ್ತಿದ. ಸಿಪ್ರಿಯಾನೊ ಕಂಬ ಎತ್ತಿದ, ಬಸ್ಸು ದಾಟಿದ ಮೇಲೆ ಇಳಿಸಿದ.

ಆ ಬೆಳಿಗ್ಗೆ ಬೆರಳು ಪ್ರತಿ ದೀಪಕ್ಕೂ ಸಿದ್ಧವಾಗಿತ್ತು, ತಡೆದು ಹಿಡಿದದ್ದು ತಾನು ಎಂದು ಅವನು ವಾಲ್ದೊನಿಗಾಗಲಿ, ಡಾಕ್ಟರಮ್ಮನಿಗಾಗಲಿ, ಬಾಸಿಲಿಯಾಳಿಗಾಗಲಿ ಎಂದೂ ಹೇಳಲಿಲ್ಲ.